ಅಶೋಕ ರಸ್ತೆಯವರೆಗೆ ಒಂದು ಪ್ರವಾಸ

ಶುಕ್ರವಾರ

ಬ್ಯಾಗು ಕಟ್ಟಿ ಬಾಗಿಲ ಹತ್ತಿರ ಇಟ್ಟಾಗಿತ್ತು. ಪಾಂಡಿಚೇರಿಗೆ ಹೊರಟಿದ್ದೆವು. ಮಧ್ಯಾಹ್ನ ಮೂರು ಗಂಟೆಗೆ ಟ್ರಾವೆಲ್ಸ್‌ನವರ ಫೋನು ಬಂತು. "ಸಾರ್, ಗಾಡಿ ಕೆಟ್ಟಿದೆ, ಈ ವಾರ ಆಗಲ್ಲ." ದುಡ್ಡು ವಾಪಸ್ ಕೊಡ್ತೀವಿ ಅಂದರು. ಯಾವಾಗ ಅನ್ನೋದು ಮಾತ್ರ ಹೇಳಲಿಲ್ಲ.

ಮಗಳು ಆರನೇ ಕ್ಲಾಸು. ಪಾಂಡಿಚೇರಿಯಲ್ಲಿ ನೋಡಬೇಕಾದ್ದನ್ನೆಲ್ಲ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಬರೆದಿಟ್ಟಿದ್ದಳು. ಸಮುದ್ರ, ಹಳದಿ ಬಣ್ಣದ ಮನೆಗಳು, ಫ್ರೆಂಚರು ಕಟ್ಟಿದ ಚರ್ಚು. ಅದನ್ನು ಹಿಡಿದುಕೊಂಡು ಸೋಫಾದ ಮೂಲೆಯಲ್ಲಿ ಕೂತಳು. ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು.

ಹುರುಳಿಕಾಯಿ ಬಿಡಿಸುತ್ತಿದ್ದ ಅಮ್ಮ ತಲೆ ಎತ್ತದೆ ಹೇಳಿದರು. "ಚರ್ಚು ನೋಡೋಕೆ ಅಷ್ಟು ದೂರ ಯಾಕೆ ಹೋಗ್ಬೇಕು? ನಮ್ಮ ಫಿಲೋಮಿನಾ ಚರ್ಚು ಇಲ್ವಾ? ಅದನ್ನೂ ಫ್ರೆಂಚ್ ಪಾದ್ರಿಗಳೇ ಓಡಾಡಿ ಕಟ್ಟಿಸಿದ್ದು."

ನಮ್ಮ ಮನೆ ಮೈಸೂರಿನ ಬನ್ನಿಮಂಟಪದ ಹತ್ತಿರ. ಚರ್ಚಿಗೆ ಎರಡು ಕಿಲೋಮೀಟರ್ ಇಲ್ಲ. ಆಫೀಸಿಗೆ ಹೋಗುವಾಗ ದಿನಾ ಅದರ ಎರಡು ಗೋಪುರ ಕಾಣುತ್ತವೆ. ಮಳೆ ಬರುತ್ತದಾ ಅಂತ ನೋಡುವಾಗ ಆಕಾಶದ ಜೊತೆ ಅವನ್ನೂ ನೋಡಿರುತ್ತೇನೆ, ಅಷ್ಟೇ. ಒಳಗೆ ಹೋಗಿದ್ದು ಎಂಟನೇ ಕ್ಲಾಸಿನಲ್ಲಿ. ಆಮೇಲೆ ಬಂದ ನೆಂಟರನ್ನೆಲ್ಲ ಕರೆದುಕೊಂಡು ಹೋಗಿ ಗೇಟಿನ ಹತ್ತಿರ ಬಿಟ್ಟು, ನಾನು ಎದುರಿಗೆ ಟೀ ಕುಡಿಯುತ್ತಾ ನಿಂತವನು.

ಹಾಗಾಗಿ ಹೊಸ ಪ್ರವಾಸ ಅಲ್ಲೇ ಗೊತ್ತಾಯಿತು. ಮನೆಯಲ್ಲಿ ಕಾಫಿ ಬಿಟ್ಟು ಬೇರೇನೂ ಮಾಡುವಂತಿಲ್ಲ, ಊಟ ತಿಂಡಿ ಎಲ್ಲ ಹೊರಗೆ. ಇದು ಹೆಂಡತಿ ಹಾಕಿದ ಷರತ್ತು. ಬಿಡಿಸಿದ ಹುರುಳಿಕಾಯಿ ಫ್ರಿಜ್ಜಿಗೆ ಹೋಯಿತು.

ಸಂಜೆ ಬೀದಿ ತುದಿಯ ಚುರುಮುರಿ ಗಾಡಿಯಿಂದ ಶುರು. ನಾನು ಯಾವತ್ತೂ ಪೊಟ್ಟಣ ಇಸ್ಕೊಂಡು ಸ್ಕೂಟರ್ ಹತ್ತುವವನು. ಇವತ್ತು ಪ್ರವಾಸಿ ಅಲ್ವಾ, ನಿಂತು ನೋಡಿದೆ. ಸ್ಟೀಲ್ ಪಾತ್ರೆಗೆ ಎರಡು ಹಿಡಿ ಕಡ್ಲೆಪುರಿ. ಸಣ್ಣಗೆ ಹೆಚ್ಚಿದ ಈರುಳ್ಳಿ, ಟೊಮೆಟೊ, ತುರಿದ ಕ್ಯಾರೆಟ್, ಕೊತ್ತಂಬರಿ ಸೊಪ್ಪು. ಒಂದು ನಿಪ್ಪಟ್ಟನ್ನು ಅಂಗೈಯಲ್ಲೇ ಪುಡಿ ಮಾಡಿ ಉದುರಿಸುತ್ತಾರೆ. ಹುರಿದ ಕಡಲೆಕಾಯಿ ಬೀಜ, ಖಾರ, ಉಪ್ಪು, ಒಂದು ಚೂರು ಎಣ್ಣೆ. ಆಮೇಲೆ ಚಮಚ ಪಾತ್ರೆಯ ಒಳಗೋಡೆಗೆ ಟಕಟಕ ಹೊಡೆಯುತ್ತಾ ಸುತ್ತುತ್ತದೆ. ನಿಂಬೆಹಣ್ಣು ಕೊನೆಗೆ. ಮೊದಲೇ ಹಿಂಡಿದರೆ ಪುರಿ ಮೆತ್ತಗಾಗುತ್ತದೆ ಅಂದರು. ಪೇಪರ್ ಸುತ್ತಿ ಪೊಟ್ಟಣ ಮಾಡಿ, ತಿನ್ನೋಕೆ ಒಂದು ರಟ್ಟಿನ ಚೂರು ಸಿಕ್ಕಿಸಿ ಕೊಟ್ಟರು. ಎಲ್ಲ ಸೇರಿ ಒಂದು ನಿಮಿಷ ಆಗಿರಬಹುದು.

ಪುರಿ ಗರಿಗರಿಯಾಗಿರುವಾಗಲೇ ತಿನ್ನಬೇಕು. ಮನೆಗೆ ತಂದು ತಿನ್ನೋರು ಚುರುಮುರಿಗೆ ಅನ್ಯಾಯ ಮಾಡಿದ ಹಾಗೆ. ಇಪ್ಪತ್ತು ವರ್ಷದಿಂದ ನಾನು ಮಾಡಿಕೊಂಡು ಬಂದಿದ್ದು ಅದನ್ನೇ.

ಶನಿವಾರ

ಬೆಳಗ್ಗೆ ಏಳೂವರೆಗೆ ನಜರ್‌ಬಾದಿನ ಮೈಲಾರಿ. ಒಂದೇ ಹೆಸರಿನ ಅಂಗಡಿಗಳು ಅಲ್ಲಿ ಹತ್ತಿರ ಹತ್ತಿರವೇ ಇವೆ. ಯಾವುದು ಒರಿಜಿನಲ್ ಅನ್ನೋ ಜಗಳ ಮೈಸೂರಿನವರಿಗೆ ಒಂದು ಕಾಲಕ್ಷೇಪ. ನಾನು ಆ ಜಗಳಕ್ಕೆ ಹೋಗಲ್ಲ, ಎಲ್ಲಿ ಜಾಗ ಇದ್ಯೋ ಅಲ್ಲಿ ಕೂರುತ್ತೇನೆ. ದೋಸೆ ಮೆತ್ತಗೆ, ಒಳಗೆ ಆಲೂಗೆಡ್ಡೆ ಪಲ್ಯದ ಬದಲು ಸಾಗು, ಮೇಲೆ ಬೆಣ್ಣೆ ಕರಗುತ್ತಾ ಇರುತ್ತದೆ. ಗರಿಗರಿ ದೋಸೆ ಬೇಕು ಅನ್ನೋರು ಬೇರೆ ಕಡೆ ಹೋಗಬೇಕು. ಮಗಳು ಮೂರು ತಿಂದಳು. ಪಾಂಡಿಚೇರಿ ಕೋಪ ಎರಡನೇ ದೋಸೆಗೆ ಇಳಿದಿತ್ತು.

ಹತ್ತು ಗಂಟೆಗೆ ಚರ್ಚು. ಅಶೋಕ ರಸ್ತೆ, ಲಷ್ಕರ್ ಮೊಹಲ್ಲಾ. ಲಷ್ಕರ್ ಅಂದರೆ ದಂಡು, ಸೈನ್ಯ. ಎದುರಿಗೆ ಎಳನೀರು ಗಾಡಿ, ಸೌತೆಕಾಯಿ ಬುಟ್ಟಿ, ಬಲೂನು ಮಾರುವವರು. ಕೇರಳದ ಎರಡು ಬಸ್ಸು ಆಗಲೇ ನಿಂತಿದ್ದವು. ಅವರ ಮಧ್ಯೆ ನಾವೂ ಕತ್ತೆತ್ತಿ ನಿಂತೆವು. ಗೋಪುರಗಳು 175 ಅಡಿ ಎತ್ತರ. ಜರ್ಮನಿಯ ಕೊಲೋನ್ ಚರ್ಚಿನ ಮಾದರಿ ಅಂತ ಹೇಳುತ್ತಾರೆ. ಕೊಲೋನಿನದು 157 ಮೀಟರ್, ಅಂದರೆ ನಮ್ಮದು ಅದರ ಮೂರರಲ್ಲಿ ಒಂದು ಪಾಲು. "ಮರಿ ಚರ್ಚು" ಅಂದಳು ಮಗಳು. ಕತ್ತು ನೋವು ಬರೋದಕ್ಕೆ ಮರಿಯೇ ಸಾಕು.

ಈ ಜಾಗದಲ್ಲಿ ಮೊದಲು ಒಂದು ಚಿಕ್ಕ ಚರ್ಚು ಇತ್ತು, 1843ರದ್ದು, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. ಈಗಿನದಕ್ಕೆ ಅಡಿಗಲ್ಲು ಹಾಕಿದ್ದು ನಾಲ್ವಡಿ ಕೃಷ್ಣರಾಜ ಒಡೆಯರು, 1933ರ ಅಕ್ಟೋಬರ್ 28ರಂದು. ಕಟ್ಟಡಕ್ಕೆ ಕಾರಣವಾಗಿದ್ದು ಒಂದು ಪುಟ್ಟ ವಸ್ತು. ಮಹಾರಾಜರ ಕಾರ್ಯದರ್ಶಿಯಾಗಿದ್ದ ತಂಬು ಚೆಟ್ಟಿಯವರು 1926ರಲ್ಲಿ ಸಂತ ಫಿಲೋಮಿನಾಳ ಪವಿತ್ರ ಅವಶೇಷವನ್ನು ಮೈಸೂರಿಗೆ ತರಿಸಿಕೊಂಡರು. ಅದನ್ನು ಇಡೋಕೆ ತಕ್ಕ ಜಾಗ ಬೇಕಲ್ಲ? ಪಾದ್ರಿ ಕೋಶೆ ಅವರು ಮಹಾರಾಜರ ಹತ್ತಿರ ಹೋದರು. ಆಮೇಲೆ ಬಿಷಪ್ ರೆನೆ ಫ್ಯೂಗಾ ನಿಂತು ಕೆಲಸ ಮುಗಿಸಿದರು. ಹುರುಳಿಕಾಯಿ ಬಿಡಿಸುತ್ತಾ ಅಮ್ಮ ಹೇಳಿದ್ದು ಸುಳ್ಳಲ್ಲ.

ಬಾಗಿಲ ಪಕ್ಕ ಅಮ್ಮ ಐದು ಮೇಣದ ಬತ್ತಿ ತಗೊಂಡರು. ಚೌಕಾಸಿ ಮಾಡಲಿಲ್ಲ. ದೇವರಾಜ ಮಾರ್ಕೆಟ್ಟಿನಲ್ಲಿ ಕರಿಬೇವಿಗೂ ಚೌಕಾಸಿ ಮಾಡೋರು! ನಾನು ಗಮನಿಸಿದೆ, ಆದರೆ ಏನೂ ಕೇಳಲಿಲ್ಲ.

ಒಳಗೆ ಕಾಲಿಟ್ಟ ತಕ್ಷಣ ಅಶೋಕ ರಸ್ತೆಯ ಹಾರನ್ನು ಹಿಂದೆ ಉಳಿಯಿತು. ಮೇಲೆ ನೋಡಿದರೆ ಚಾವಣಿ ಎಲ್ಲೋ ಇದೆ. 800 ಜನ ಕೂರಬಹುದಂತೆ. ಕಟ್ಟಡದ ಆಕಾರವೇ ಶಿಲುಬೆ. ಉದ್ದನೆಯ ಸಾಲಿನಲ್ಲಿ ನಡೆದು ಪೀಠದ ಹತ್ತಿರ ಬಂದಾಗ ಎಡಕ್ಕೂ ಬಲಕ್ಕೂ ಕಟ್ಟಡ ತೋಳು ಚಾಚಿಕೊಳ್ಳುತ್ತದೆ. ಫೋಟೊ ತೆಗೆಯುವ ಹಾಗಿಲ್ಲ. ಒಳ್ಳೇದೇ ಆಯಿತು. ಫ್ರಾನ್ಸಿನಿಂದ ತಂದ ಬಣ್ಣದ ಗಾಜುಗಳಲ್ಲಿ ಯೇಸುವಿನ ಹುಟ್ಟು, ಕೊನೇ ಊಟ, ಶಿಲುಬೆ, ಪುನರುತ್ಥಾನ ಎಲ್ಲ ಇವೆ. ಹತ್ತೂವರೆ ಬಿಸಿಲು ಒಂದು ಗಾಜಿನಿಂದ ಇಳಿದು ಬೆಂಚಿನ ಮೇಲೆ ಬಿದ್ದಿತ್ತು. ಮಗಳು ಅಲ್ಲಿ ಕೈ ಇಟ್ಟಳು. ಬೆರಳು ನೀಲಿ, ಅಂಗೈ ಕೆಂಪು. ಕೈ ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಬಿಸಿಲು ಸರಿದ ಹಾಗೆ ತಾನೂ ಸರಿದಳು.

"ಅಜ್ಜಿ ಎಲ್ಲಿ?"

ಅಜ್ಜಿ ಇರಲಿಲ್ಲ. ಪೀಠದ ಪಕ್ಕದಲ್ಲಿ ನೆಲಮಾಳಿಗೆಗೆ ಇಳಿಯುವ ಮೆಟ್ಟಿಲಿದೆ. ಎಪ್ಪತ್ತಮೂರು ವರ್ಷದ ಮಂಡಿನೋವಿನ ಅಮ್ಮ, ಯಾರನ್ನೂ ದಾರಿ ಕೇಳದೆ, ಗೋಡೆ ಹಿಡಿದುಕೊಂಡು ಆಗಲೇ ಅರ್ಧ ಇಳಿದಿದ್ದರು. ಕೆಳಗೆ ಇಕ್ಕಟ್ಟಾದ ಓಣಿ. ಗೋಡೆಯಲ್ಲೆಲ್ಲ ಹೆಸರು ಕೆತ್ತಿದ ಕಲ್ಲಿನ ಫಲಕಗಳು. ಮೇಣದ ವಾಸನೆ. ಅಲ್ಲಿ ಫಿಲೋಮಿನಾ ಮಲಗಿದ್ದಾಳೆ. ಮೂರ್ತಿಯೇ, ಆದರೂ ಎಲ್ಲರೂ ಪಿಸುಮಾತಿನಲ್ಲೇ ಮಾತಾಡುತ್ತಾರೆ, ಎದ್ದುಬಿಟ್ಟಾಳು ಅನ್ನೋ ಹಾಗೆ.

"ಯಾರಪ್ಪ ಇವಳು?" ಮಗಳೂ ಪಿಸುಗುಟ್ಟಿದಳು. "ನನ್ನಷ್ಟೇ ಇದ್ದಾಳೆ."

ಹಿಂದಿನ ರಾತ್ರಿ ಓದಿಕೊಂಡಿದ್ದೆ. ಹೊರಗೆ ಬಂದು ನೆರಳಿನಲ್ಲಿ ಕೂತು ಹೇಳಿದೆ. 1802ರಲ್ಲಿ ರೋಮಿನಲ್ಲಿ, ಪ್ರಿಸಿಲ್ಲಾ ಅನ್ನುವ ನೆಲದಡಿಯ ಸ್ಮಶಾನದಲ್ಲಿ, ಒಂದು ಗೂಡು ಸಿಕ್ಕಿತು. ಬಾಯಿಗೆ ಮೂರು ಹೆಂಚು ಮುಚ್ಚಿದ್ದರು. ಹೆಂಚಿನ ಮೇಲೆ ಬಣ್ಣದಲ್ಲಿ ಅಕ್ಷರ: ಲುಮೆನಾ, ಪಾಕ್ಸ್ ತೆ, ಕುಮ್ ಫಿ. ಅರ್ಥವೇ ಆಗಲ್ಲ. ಮೊದಲನೇ ಹೆಂಚನ್ನು ತೆಗೆದು ಕೊನೆಗೆ ಇಟ್ಟು ನೋಡು. ಪಾಕ್ಸ್ ತೆ-ಕುಮ್ ಫಿ-ಲುಮೆನಾ. ಪಾಕ್ಸ್ ತೆಕುಮ್, ಫಿಲುಮೆನಾ. ನಿನಗೆ ಶಾಂತಿ ಇರಲಿ, ಫಿಲೋಮಿನಾ. ಒಳಗಿದ್ದ ಮೂಳೆಗಳು ಹದಿಮೂರು ಹದಿನಾಲ್ಕು ವರ್ಷದ ಹುಡುಗಿಯದು. ಅವಳ ಬಗ್ಗೆ ಸಿಕ್ಕಿದ್ದು ಇಷ್ಟೇ, ಮೂರು ಹೆಂಚು. ಉಳಿದಿದ್ದೆಲ್ಲ ಜನ ನಂಬಿಕೆಯಿಂದ ಸೇರಿಸಿಕೊಂಡಿದ್ದು. ಇತಿಹಾಸದ ಆಧಾರ ಸಾಲದು ಅಂತ 1961ರಲ್ಲಿ ರೋಮಿನವರು ಹಬ್ಬದ ಪಟ್ಟಿಯಿಂದ ಅವಳ ಹೆಸರನ್ನೇ ತೆಗೆದುಬಿಟ್ಟರು. ಚರ್ಚಿನ ಪೂರ್ತಿ ಹೆಸರಿನಲ್ಲಿ ಸಂತ ಜೋಸೆಫರೂ ಇದ್ದಾರೆ. ಆದರೆ ಮೈಸೂರಿನ ಆಟೋದವರಿಗೆ "ಜೋಸೆಫ್ ಚರ್ಚು" ಅಂದು ನೋಡಿ, ಬೇರೆಲ್ಲಾದರೂ ಕರೆದುಕೊಂಡು ಹೋಗುತ್ತಾರೆ.

"ಪಟ್ಟಿಯಿಂದ ತೆಗೆದರೆ ಏನಾಯ್ತು," ಅಂದರು ಅಮ್ಮ. "ರೇಷನ್ ಕಾರ್ಡ್ ಪಟ್ಟಿಯಿಂದ ನನ್ನ ಹೆಸರೂ ಒಂದ್ಸಲ ಬಿಟ್ಟುಹೋಗಿತ್ತು. ನಾನು ಇರಲಿಲ್ವಾ?"

ಐದರಲ್ಲಿ ನಾಲ್ಕು ಬತ್ತಿ ಹಚ್ಚಿದರು, ಒಬ್ಬೊಬ್ಬರ ಹೆಸರಿಗೆ ಒಂದು. ಐದನೆಯದನ್ನು ಪೇಪರಿನಲ್ಲಿ ಸುತ್ತಿ ಪರ್ಸಿಗೆ ಹಾಕಿಕೊಂಡರು. ಯಾಕೆ ಅಂತ ಮಗಳು ಕೇಳಿದ್ದಕ್ಕೆ "ಇರ್ಲಿ" ಅಂದರು.

ಮಧ್ಯಾಹ್ನ ಬಿಸಿಲಿಗೆ ಎಲ್ಲೂ ತಿರುಗಲಿಲ್ಲ. ಎಳನೀರು, ಮನೆ, ನಿದ್ದೆ.

ಸಂಜೆ ಸಯ್ಯಾಜಿರಾವ್ ರಸ್ತೆ. ದೇವರಾಜ ಮಾರ್ಕೆಟ್ಟಿನ ಸಾಲಿನಲ್ಲೇ ಗುರು ಸ್ವೀಟ್ಸ್ ಇದೆ. ಅರಮನೆಯ ಅಡುಗೆಯವರಾಗಿದ್ದ ಕಾಕಾಸುರ ಮಾದಪ್ಪನವರ ಮನೆತನದವರ ಅಂಗಡಿ. ಮೈಸೂರ್ ಪಾಕನ್ನು ಮೊದಲು ಮಾಡಿದ್ದು ಅವರು, ಇದೇ ನಾಲ್ವಡಿಯವರ ಕಾಲದಲ್ಲಿ. ಅಂದರೆ ಬೆಳಗ್ಗೆ ನೋಡಿದ ಚರ್ಚಿಗೂ ಸಂಜೆ ತಿಂದ ಪಾಕಿಗೂ ಒಬ್ಬರೇ ಮಹಾರಾಜರು. ಅಂಗಡಿ ದೊಡ್ಡದೇನಲ್ಲ. ನಿಂತುಕೊಂಡೇ ಇಸ್ಕೋಬೇಕು. ಪಾಕು ಬಾಯಿಗಿಟ್ಟರೆ ಮೊದಲು ತುಪ್ಪ, ಆಮೇಲೆ ಹುರಿದ ಕಡಲೆಹಿಟ್ಟಿನ ಘಮ, ಸಕ್ಕರೆ ಕೊನೆಗೆ. ಈಗ ಎಲ್ಲ ಕಡೆ ಸಿಗುವ ಬೆಣ್ಣೆಯಂಥ ಮೆತ್ತನೆ ಪಾಕು ನನಗೆ ಅಷ್ಟು ಇಷ್ಟವಿಲ್ಲ. ಮೈಮೇಲೆ ಜೇನುಗೂಡಿನ ಹಾಗೆ ತೂತು ಬಿದ್ದ, ಕಚ್ಚಿದರೆ ಉದುರುವ ಗಟ್ಟಿ ಪಾಕು ಅಮ್ಮ ದೀಪಾವಳಿಗೆ ಮಾಡುತ್ತಿದ್ದರು. ಅದೇ ನನ್ನ ನಾಲಿಗೆಯ ಅಳತೆ. ಆದರೂ ಕಾಲು ಕೆಜಿ ಅನ್ನೋದು ಅರ್ಧ ಕೆಜಿ ಆಯಿತು.

ಮಗಳು ಪೊಟ್ಟಣ ಬಿಚ್ಚಿ ಅಜ್ಜಿಗೆ ಒಂದು ತುಂಡು ಚಾಚಿದಳು. "ಪಾಕ್ಸ್ ತೆಕುಮ್, ಅಜ್ಜಿ."

ಅಮ್ಮನಿಗೆ ಲ್ಯಾಟಿನ್ ಅರ್ಥ ಆಯಿತೋ ಇಲ್ಲವೋ, ಪಾಕಂತೂ ಅರ್ಥವಾಯಿತು.

ರಾತ್ರಿ ಮಸಾಲೆ ಪೂರಿ ಗಾಡಿ. ಮಸಾಲೆ ಪೂರಿ ತಿನ್ನುವಾಗ ಜನ ನಿಜ ಹೇಳುತ್ತಾರೆ ಅನ್ನೋದು ನನ್ನ ಅನುಭವ, ಯಾಕೆಂದರೆ ಖಾರಕ್ಕೆ ಯೋಚನೆ ಮಾಡೋಕೆ ಆಗಲ್ಲ. ಬಟಾಣಿ ಕುದಿಯುವ ಆವಿಯ ಈಚೆ ನಿಂತು ಕೇಳಿದೆ. "ಅಮ್ಮ, ಆ ಮೆಟ್ಟಿಲು ನಿಮಗೆ ಹೇಗೆ ಗೊತ್ತು?"

"ನೀನು ಎಸ್ಸೆಸ್ಸೆಲ್ಸೀಲಿ ಗಣಿತ ಪಾಸಾಗಿದ್ದು ನಿನ್ನ ಬುದ್ಧಿಯಿಂದ ಅನ್ಕೊಂಡಿದ್ಯಾ?"

ಆ ಮಾರ್ಚ್ ತಿಂಗಳು ಪೂರ್ತಿ, ನನ್ನನ್ನು ಟ್ಯೂಷನ್ನಿಗೆ ಕಳಿಸಿ, ಪಕ್ಕದ ಮನೆಯ ಟೀಚರಮ್ಮನ ಜೊತೆ ಅಮ್ಮ ಚರ್ಚಿಗೆ ನಡೆದುಕೊಂಡು ಹೋಗುತ್ತಿದ್ದರಂತೆ. ಅಪ್ಪನಿಗೂ ಹೇಳಿರಲಿಲ್ಲ. ಆಮೇಲೆ ತಂಗಿಯ ಮದುವೆಗೊಂದು ಸಲ, ನನ್ನ ಕೆಲಸಕ್ಕೊಂದು ಸಲ, ಮೊಮ್ಮಗಳು ಹುಟ್ಟುವ ಮುಂಚೆ ಒಂದು ಸಲ. ಚಾಮುಂಡಿ ಬೆಟ್ಟಕ್ಕೆ ಹರಕೆ ಹೊತ್ತಿದ್ದು ಬೇರೆ ಲೆಕ್ಕ. ನಾನು ಅಮ್ಮನಿಗೆ ಚರ್ಚು ತೋರಿಸೋಕೆ ಕರೆದುಕೊಂಡು ಹೋಗಿದ್ದೆ.

"ಎಷ್ಟು ಬಂದಿತ್ತಪ್ಪ ಗಣಿತದಲ್ಲಿ?" ಕೇಳಿದಳು ಮಗಳು.

38. ಹೇಳಲಿಲ್ಲ. ಇನ್ನೊಂದು ಪ್ಲೇಟ್ ಮಸಾಲೆ ಪೂರಿ ಹೇಳಿದೆ.

ಭಾನುವಾರ

ಹೆಂಡತಿಯ ಐಡಿಯಾ: ಒಂದು ಫ್ರೆಂಚ್ ಚರ್ಚು ಆಯಿತು, ಇನ್ನೂ ಹಳೇದಕ್ಕೆ ಹೋಗೋಣ. ಶ್ರೀರಂಗಪಟ್ಟಣದ ಗಂಜಾಂ. ಅಮ್ಮ ಒಪ್ಪಿದರು, ಆದರೆ ಮೊದಲು ನಿಮಿಷಾಂಬ, ಆಮೇಲೆ ಉಳಿದಿದ್ದು. ಗಂಜಾಂಗೆ ಹೋಗಿ ನಿಮಿಷಾಂಬನನ್ನು ನೋಡದೆ ಬರೋದು ಅಮ್ಮನ ಪ್ರಕಾರ ನೆಂಟರ ಮನೆಗೆ ಹೋಗಿ ಅಡುಗೆಮನೆಯಲ್ಲಿದ್ದೋರನ್ನ ಮಾತಾಡಿಸದೆ ಬಂದ ಹಾಗೆ.

ದಾರಿಯಲ್ಲಿ ಕಬ್ಬಿನ ಹಾಲು. ಶುಂಠಿ, ನಿಂಬೆಹಣ್ಣನ್ನು ಕಬ್ಬಿನ ಮಡಿಕೆಯಲ್ಲೇ ಇಟ್ಟು ಗಾಣಕ್ಕೆ ಕೊಡುತ್ತಾರೆ. ಐಸ್ ಬೇಡ ಅನ್ನಿ, ನೀರಾಗಲ್ಲ. ದೇವಸ್ಥಾನದಲ್ಲಿ ಭಾನುವಾರದ ಜನ ಅಂದರೆ ಜನ. ಕಾವೇರಿ ಮೆಟ್ಟಿಲ ಮೇಲೆ ಕೂತು ಉಪ್ಪು ಖಾರ ಹಚ್ಚಿದ ಸೌತೆಕಾಯಿ ತಿಂದಿದ್ದು ನನಗೆ ನೆನಪಿರುತ್ತದೆ. ಗಂಜಾಂ ಅಂಜೂರಕ್ಕೆ ಒಂದು ಕಾಲದಲ್ಲಿ ದೊಡ್ಡ ಹೆಸರು. ಅಮ್ಮ ಮೂರು ಅಂಗಡಿಯಲ್ಲಿ ಕೇಳಿದರು. ಸಿಗಲಿಲ್ಲ. ಮೂರನೆಯವರು ಒಣ ಅಂಜೂರದ ಪ್ಯಾಕೆಟ್ ತೋರಿಸಿದಾಗ ಅಮ್ಮ ನೋಡಿದ ನೋಟ ಬರೆಯೋಕೆ ಆಗಲ್ಲ.

ಗಂಜಾಂ ಚರ್ಚು ಅಶೋಕ ರಸ್ತೆಯದರ ಮುಂದೆ ತೀರಾ ಚಿಕ್ಕದು. ಗೋಪುರ ನೋಡೋಕೆ ಕತ್ತೆತ್ತಬೇಕಾಗಿಲ್ಲ, ಬಸ್ಸೂ ನಿಂತಿರಲ್ಲ. ಬೆಳಗಿನ ಪೂಜೆ ಮುಗಿದು ಜನ ಚದುರಿದ್ದರು. 1800ರ ಸುಮಾರಿಗೆ ಇದನ್ನು ಕಟ್ಟಿಸಿದ್ದು ಅಬ್ಬೆ ದುಬುವಾ. ಫ್ರಾನ್ಸಿನ ಕ್ರಾಂತಿಯ ಗಲಾಟೆಯ ಕಾಲದಲ್ಲಿ ಹೊರಟು 1792ರಲ್ಲಿ ಇಂಡಿಯಾಕ್ಕೆ ಬಂದ ಪಾದ್ರಿ. 1799ರಲ್ಲಿ ಟಿಪ್ಪು ಬಿದ್ದ ಮೇಲೆ, ಚದುರಿಹೋದ ಇಲ್ಲಿನ ಕ್ರೈಸ್ತರನ್ನು ಒಟ್ಟುಗೂಡಿಸೋಕೆ ಶ್ರೀರಂಗಪಟ್ಟಣಕ್ಕೆ ಬಂದರು. ಪೇಟ ಸುತ್ತಿ, ನಿಲುವಂಗಿ ತೊಟ್ಟು, ಇಲ್ಲಿಯವರ ಹಾಗೇ ಇದ್ದು, ಇಲ್ಲಿಯದನ್ನೇ ತಿಂದರು. ಸಿಡುಬಿಗೆ ಲಸಿಕೆ ಹಾಕೋದು ಆಗ ಹೊಸದು, ಜನ ಹೆದರುತ್ತಿದ್ದರು. ಈ ಪಾದ್ರಿ ಊರೂರು ತಿರುಗಿ ಸಾವಿರಾರು ಜನಕ್ಕೆ ಹಾಕಿಸಿದರು. 1823ರಲ್ಲಿ ವಾಪಸ್ ಹೋದವರು ಮತ್ತೆ ಬರಲಿಲ್ಲ. 1848ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡರು.

ಇಷ್ಟು ಹೇಳಿದಾಗ ಅಮ್ಮ ಹಿಡಿದುಕೊಂಡಿದ್ದು ಒಂದೇ ವಿಷಯ. "ಇಲ್ಲಿಯದನ್ನೇ ತಿಂತಿದ್ರು ಅಂದ್ರೆ ಮುದ್ದೆ ತಿಂದಿರ್ತಾರೆ ಅಲ್ವಾ? ಅಗಿದಿರ್ತಾರೋ ನುಂಗಿರ್ತಾರೋ?"

ಚರ್ಚಿನ ಮುಂದೆ ನಿಂತು ನಾವು ನಾಲ್ಕು ಜನ ಇದರ ಬಗ್ಗೆ ತುಂಬಾ ಹೊತ್ತು ಮಾತಾಡಿದೆವು. ಮೂವತ್ತು ವರ್ಷ ಇದ್ದವರು ನುಂಗೋದು ಕಲಿತೇ ಇರ್ತಾರೆ ಅಂತ ತೀರ್ಮಾನ ಆಯಿತು.

ಮುದ್ದೆ ಮಾತು ಹಸಿವು ಎಬ್ಬಿಸಿತು. ಕಾರು ಸೀದಾ ಮಂಡಿ ಮೊಹಲ್ಲಾಕ್ಕೆ, ಹನುಮಂತು ಹೋಟೆಲ್ಲಿನ ಪಲಾವಿಗೆ. ಫಿಲೋಮಿನಾ ಚರ್ಚಿಗೆ ಇದು ನಡೆದು ಹೋಗುವ ದೂರ. ಶನಿವಾರ ನಮ್ಮ ಮನೆಯಲ್ಲಿ ಯಾರೂ ಮಾಂಸ ಮುಟ್ಟಲ್ಲ, ಅದಕ್ಕೇ ಇದನ್ನು ಉಳಿಸಿಕೊಂಡಿದ್ದೆ. ದೇವಸ್ಥಾನಕ್ಕೆ ಹೋಗಿ ಬಂದ ದಿನ ಪರವಾಗಿಲ್ವಾ ಅಂತ ಹೆಂಡತಿ ಕೇಳಿದಳು. "ತಿಂದು ಹೋಗ್ಬಾರ್ದು, ಹೋಗಿ ಬಂದು ತಿನ್ಬೋದು" ಅಂದರು ಅಮ್ಮ. ಇದನ್ನು ಯಾವ ಶಾಸ್ತ್ರದಲ್ಲಿ ಬರೆದಿದ್ದಾರೆ ಅಂತ ಕೇಳುವ ಧೈರ್ಯ ನಮಗ್ಯಾರಿಗೂ ಇಲ್ಲ, ಕೇಳೋದು ನಮಗೆ ಲಾಭವೂ ಅಲ್ಲ.

ಇಲ್ಲಿಯ ಪಲಾವು ಬಿರಿಯಾನಿಯ ತಮ್ಮ ಅಲ್ಲ, ಅದರ ಮನೆಯೇ ಬೇರೆ. ಸಣ್ಣ ಅಕ್ಕಿ, ಹಸಿರು ಮಸಾಲೆ, ಬಣ್ಣ ಗಿಣ್ಣ ಇಲ್ಲ. ಎಲೆ ಮೇಲೆ ಬಿದ್ದ ತಕ್ಷಣ ಪುದೀನ, ಕೊತ್ತಂಬರಿಯ ಬಿಸಿ ಆವಿ ಮುಖಕ್ಕೆ ಬರುತ್ತದೆ. ಮಟನ್ ತುಂಡು ಬೆರಳಲ್ಲಿ ಒತ್ತಿದರೆ ಮೂಳೆ ಬಿಡುತ್ತದೆ. ಭಾನುವಾರ ಒಂದೂವರೆ ಗಂಟೆ, ಊಟ ಮಾಡುವವರ ಹಿಂದೆ ಒಬ್ಬೊಬ್ಬರು ಕಾಯುತ್ತಾ ನಿಂತಿದ್ದರು. ನನ್ನ ಹಿಂದೆ ನಿಂತವರು ನನ್ನ ಎಲೆಯನ್ನೇ ನೋಡುತ್ತಿದ್ದರು. ಹಾಗೆ ನೋಡಿಸಿಕೊಂಡು ತಿನ್ನೋದು ಅಭ್ಯಾಸ ಬೇಕು. ಮಗಳಿಗೆ ಆಗಲಿಲ್ಲ, ಅರ್ಧಕ್ಕೇ ಎದ್ದಳು. ಉಳಿದಿದ್ದು ಅಪ್ಪನ ಎಲೆಗೆ.

ಕೈ ತೊಳೆದು ಹೊರಗೆ ಬಂದಾಗ ಒಬ್ಬ ಆಟೋದವರು ಮಗಳ ಕುತ್ತಿಗೆಯಲ್ಲಿದ್ದ ಕ್ಯಾಮೆರಾ ನೋಡಿ ಕೇಳಿದರು. "ಯಾವೂರು ಸಾರ್? ಅರಮನೆ, ಝೂ, ಚರ್ಚು ಎಲ್ಲ ಸುತ್ತಿಸ್ತೀನಿ."

"ಬನ್ನಿಮಂಟಪ" ಅಂದಳು ಮಗಳು.

ರಾತ್ರಿ ಎಂಟೂವರೆಗೆ ಕರೆಂಟು ಹೋಯಿತು. ಯುಪಿಎಸ್ಸು ಎರಡು ವಾರದಿಂದ ಕೆಟ್ಟಿದೆ, ರಿಪೇರಿಯವರು ನಾಳೆ ನಾಳೆ ಅಂತಿದ್ದಾರೆ. ಮೊಬೈಲ್ ಟಾರ್ಚು ಹುಡುಕುತ್ತಿದ್ದೆ. ಕತ್ತಲಲ್ಲಿ ಪರ್ಸಿನ ಜಿಪ್ ಎಳೆದ ಸದ್ದು, ಪೇಪರ್ ಬಿಚ್ಚಿದ ಸದ್ದು, ಬೆಂಕಿಕಡ್ಡಿ ಗೀರಿದ ಸದ್ದು. ಅಮ್ಮ ಐದನೇ ಬತ್ತಿಯನ್ನು ಒಂದು ಲೋಟದ ಬೆನ್ನಿಗೆ ಅಂಟಿಸಿ ಊಟದ ಟೇಬಲ್ ಮೇಲೆ ಇಟ್ಟರು.

"ಚರ್ಚಿಂದು ಅಲ್ವಾ ಅಜ್ಜಿ? ಮನೇಲಿ ಹಚ್ಬೋದಾ?"

"ಬೆಳಕು ಎಲ್ಲಾದ್ರೂ ಬೆಳಕೇ. ಆ ಡಬ್ಬ ಇಲ್ಲಿ ಕೊಡು."

ಡಬ್ಬದಲ್ಲಿ ಪಾಕು ನಾಲ್ಕೇ ತುಂಡು ಉಳಿದಿತ್ತು. ಮಗಳು ಒಂದೊಂದೇ ತೆಗೆದು ನಮ್ಮ ಕೈಗಿಟ್ಟಳು. ಪ್ರತಿ ಸಲವೂ "ಪಾಕ್ಸ್ ತೆಕುಮ್" ಅನ್ನೋದನ್ನು ಮರೆಯಲಿಲ್ಲ. ಇಟ್ಟಿದ್ದ ಬ್ಯಾಗು ಇನ್ನೂ ಬಾಗಿಲ ಹತ್ತಿರವೇ ಇತ್ತು.